ಓದದೆ ಬಿಟ್ಟ ಹೆಸರು

ಸಾಂದಾ ಥ್ವೆಗೆ ನಾನು ಮಾತು ಕೊಟ್ಟು ಹದಿಮೂರು ವರ್ಷವಾಯಿತು. ನೆರೆಹೊರೆಯ ದೇಶಗಳ ಕಿರಿಯ ಅಧಿಕಾರಿಗಳಿಗೆಂದು ಬಾಂಡುಂಗ್‌ನಲ್ಲಿ ನಡೆದ ಆರು ವಾರದ ತರಬೇತಿಯಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಅವಳು ಅವಳ ದೇಶದ ವಿದೇಶಾಂಗ ಕಚೇರಿಯವಳು, ನಾನು ನಮ್ಮ ದೇಶದವಳು. ಒಂದು ಸಂಜೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದವಳು ತಟ್ಟನೆ ಕೇಳಿದಳು.

"ನೀದಾ, ನಮ್ಮಲ್ಲಿ ಯಾವತ್ತು ಏನಾಗತ್ತೋ ಹೇಳಕ್ಕಾಗಲ್ಲ. ನನ್ನನ್ನ ಒಳಗೆ ಹಾಕಿದ್ರು ಅಂತ ಗೊತ್ತಾದ್ರೆ, ನಿಮ್ಮ ದೊಡ್ಡ ಸಭೇಲಿ ನನ್ನ ಹೆಸರು ಗಟ್ಟಿಯಾಗಿ ಹೇಳ್ತೀಯಾ?"

"ಹೇಳ್ತೀನಿ ಮಾರಾಯ್ತಿ, ಮೈಕಲ್ಲೇ ಹೇಳ್ತೀನಿ. ಮೊದ್ಲು ಆ ಇಸ್ತ್ರಿಪೆಟ್ಟಿಗೆ ಈ ಕಡೆ ಕೊಡು."

ಆಗ ಇಬ್ಬರೂ ನಕ್ಕಿದ್ದೆವು. ಆಮೇಲೆ ಅವಳ ದೇಶವನ್ನು ಸೈನ್ಯ ಹಿಡಿಯಿತು. ಅವಳು ತೋಳಿಗೆ ಪ್ರತಿಭಟನೆಯ ಕೆಂಪು ಪಟ್ಟಿ ಕಟ್ಟಿಕೊಂಡು ಕಚೇರಿಯಿಂದ ಹೊರಬಂದಳು, ಜೈಲಿಗೆ ಹೋದಳು. ಆ ದೇಶದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಇಪ್ಪತ್ತು ವರ್ಷದ ನೌಕರಿ ಕೈಗೆ ಕಲಿಸಿದ ಅಭ್ಯಾಸ ಅದು. ನಾವು 'ಒಂದು ಸದಸ್ಯ ದೇಶ' ಎಂದು ಬರೆಯುವವರು.

ನೆರೆ ದೇಶಗಳ ಒಕ್ಕೂಟದ ಈ ವರ್ಷದ ಸಭೆ ಜಕಾರ್ತಾದಲ್ಲಿ, ನಮ್ಮ ಅಧ್ಯಕ್ಷತೆಯಲ್ಲಿ. ಜಂಟಿ ಹೇಳಿಕೆಯ ಕರಡನ್ನು ಬರೆಯುವವಳೂ ಸಭೆಯಲ್ಲಿ ಓದುವವಳೂ ನಾನೇ. ಸಭೆಗೆ ನಾಲ್ಕು ದಿನ ಇರುವಾಗ ಸಾಂದಾಳ ಅಕ್ಕ ಯೂಪಾರ್, ತಮ್ಮ ದೇಶದ ಗಡಿ ದಾಟಿ ನೆಲೆಸಿದ್ದ ಮೇ ಸೋತ್ ಊರಿನಿಂದ ಫೋನ್ ಮಾಡಿದರು.

"ಅವಳಿಗೆ ಕ್ಷಯ ಕಣಮ್ಮ. ಮಾತ್ರೆ ನಿಂತು ಹದಿನೆಂಟು ದಿನ ಆಯ್ತು. ಕೆಮ್ಮಿದ್ರೆ ರಕ್ತ ಬರ್ತಿದೆಯಂತೆ. ಮಾತ್ರೆ ಕಳಿಸಿದ್ರೆ ಜೈಲಿನ ಬಾಗಿಲಲ್ಲೇ ವಾಪಸ್ ಕಳಿಸ್ತಾರೆ."

ಅಂದೇ ಕರಡಿನಲ್ಲಿ ಒಂದು ಸಾಲು ಸೇರಿಸಿದೆ, ಅವಳ ಹೆಸರು ಸಮೇತ. ನಾವೆಲ್ಲ ಗೌರವದಿಂದ 'ಬಾಪಕ್' ಎಂದು ಕರೆಯುವ ನನ್ನ ಮೇಲಧಿಕಾರಿ ಹರ್ದೋಯೋ ಓದಿ, ಕನ್ನಡಕ ತೆಗೆದು, ಬಾತಿಕ್ ಅಂಗಿಯ ತುದಿಯಲ್ಲಿ ಒರೆಸುತ್ತಾ ಕೂತರು.

"ಮೂವತ್ತು ವರ್ಷದಲ್ಲಿ ಈ ಸಭೇಲಿ ಒಬ್ಬರ ಹೆಸರನ್ನೂ ನಾನು ಕೇಳಿಲ್ಲ ನೀದಾ. ನನ್ನದೂ ಸೇರಿ."

"ನಾನು ಓದೇಬಿಡ್ತೀನಿ ಬಾಪಕ್. ನೌಕರಿ ಹೋದ್ರೆ ಹೋಗ್ಲಿ."

"ನೌಕರಿ ಹೋಗತ್ತೆ, ಸರಿ. ಅವಳಿಗೆ ಮಾತ್ರೆ ಹೋಗತ್ತಾ?"

ಸಾಲನ್ನು ಅವರು ಹೊಡೆದುಹಾಕಲಿಲ್ಲ. ಪೆನ್ನನ್ನು ಅದರ ಪಕ್ಕದಲ್ಲಿಟ್ಟು ಎದ್ದು ಹೋದರು.

ನಮ್ಮ ಸಭೆಗಳಲ್ಲಿ ಜಗಳವೆಲ್ಲ ಚಹಾದ ಹೊತ್ತಿನಲ್ಲೇ ಮುಗಿಯಬೇಕು. ಒಳಗೆ ಕರಡು ಓದುವಾಗ ಯಾರೂ ಮಾತಾಡದಿದ್ದರೆ ಒಪ್ಪಿಗೆಯಾಯಿತೆಂದು ಲೆಕ್ಕ. ಒಪ್ಪದವರು ಮೇಜಿನ ಮೇಲೆ ತಮ್ಮೆದುರು ಮಲಗಿಸಿಟ್ಟ ದೇಶದ ಹೆಸರಿನ ಫಲಕವನ್ನು ನೆಟ್ಟಗೆ ನಿಲ್ಲಿಸಬೇಕು. ಕೊನೆಗೆ ಒಂದು ಫಲಕ ನಿಂತೇ ಉಳಿದರೂ ಇಡೀ ಹೇಳಿಕೆ ಬಿದ್ದುಹೋಗುತ್ತದೆ, ಅದರ ಅನುಬಂಧಗಳನ್ನೂ ಎಳೆದುಕೊಂಡು. ಹಾಗಾಗಿ ಮೊದಲ ದಿನದ ಚಹಾ ವೇಳೆಯಲ್ಲಿ ನಾನೇ ಹೋಗಿ ಊ ಚಿಟ್ ಸ್ವೇ ಅವರ ಮುಂದೆ ನಿಂತೆ. ಅವರು ಆ ದೇಶದ ಪ್ರತಿನಿಧಿ, ಹಿಂದೆ ಸಾಂದಾಳಿಗೂ ಮೇಲಧಿಕಾರಿ. ಬಾಳೆಎಲೆ ಬಿಚ್ಚಿ ಲೆಂಪರ್ ಎಂಬ ಅಂಟನ್ನದ ತಿಂಡಿ ತಿನ್ನುತ್ತಿದ್ದರು. ನಮ್ಮ ರೂಢಿಯಂತೆ ನನ್ನನ್ನು ಗೌರವದಿಂದ 'ಇಬು' ಎನ್ನುವವರು.

"ಬನ್ನಿ ಇಬು ನೀದಾ. ನಮ್ಮನೆ ಅಡುಗೆಮನೆಗೆ ನುಗ್ಗಿ, ಸಾರಿಗೆ ಉಪ್ಪು ಕಮ್ಮಿ ಅನ್ನಕ್ಕೆ ಬಂದ್ರಾ?"

"ಉಪ್ಪಿನ ಮಾತು ಬಿಡಿ. ಹೊಗೆ ನಮ್ಮನೇಗೆ ಬರ್ತಿದೆ."

"ಕಿಟಕಿ ಹಾಕ್ಕೊಳ್ಳಿ!" ಎಂದು ದೊಡ್ಡದಾಗಿ ನಕ್ಕರು. ಪಕ್ಕದಲ್ಲಿದ್ದವರು ಲೋಟ ಹಿಡಿದು ದೂರ ಸರಿದರು. ಆಗ ದನಿ ತಗ್ಗಿತು. "ನನಗೆ ಅಪ್ಪಣೆ ಇದೆಯಮ್ಮ. ಯಾರ ಹೆಸರಾದ್ರೂ ಬಂದ್ರೆ ಫಲಕ ಎತ್ತು, ಎದ್ದು ಹೋಗು ಅಂತ. ನಾನು ಹೋಗ್ಲೇಬೇಕು. ನನಗೂ ಹೆಂಡ್ತಿ ಮಕ್ಕಳಿದ್ದಾರೆ, ಅವರಿರೋದು ಅಲ್ಲೇ."

"ಹೆಸರು ಬರದೇ ಇದ್ರೆ?"

ಸಕ್ಕರೆ ಆಗಲೇ ಕರಗಿಹೋಗಿದ್ದ ಚಹಾವನ್ನು ಅವರು ಬಹಳ ಹೊತ್ತು ಕಲಕಿದರು.

"ಡಾಕ್ಟರುಗಳು ಬರೆಯೋ ಅನುಬಂಧ ಇರತ್ತಲ್ಲ, ಸೊಳ್ಳೆ, ಜ್ವರ, ಲಸಿಕೆ ಅಂತ. ಅದನ್ನ ನಮ್ಮಲ್ಲಿ ಮೇಲಿನವರು ಯಾರೂ ಓದಲ್ಲ. ನಾನೂ ಓದಲ್ಲ." ಹೊರಡಲು ತಿರುಗಿದವರು ನಿಂತರು. "ಅವಳ ಕೆಮ್ಮು ಹೇಗಿದೆ?"

ಯಾರ ಕೆಮ್ಮು ಎಂದು ನಾನು ಕೇಳಲಿಲ್ಲ.

ಅಂದು ಮಧ್ಯಾಹ್ನ ಆರೋಗ್ಯ ತಂಡದ ಡಾಕ್ಟರುಗಳ ಜೊತೆ ಕೂತು ಅನುಬಂಧಕ್ಕೆ ಹೊಸ ಸಾಲು ಬರೆದೆ: ಕ್ಷಯಕ್ಕೆ ಗಡಿಯಿಲ್ಲದ ಕಾರಣ, ಜನ ಒತ್ತಾಗಿರುವ ಗಣಿ, ವಸತಿನಿಲಯ, ಜೈಲುಗಳಿಗೆ ನೆರೆ ದೇಶಗಳ ವೈದ್ಯರ ಜಂಟಿ ತಂಡ ಭೇಟಿ ಕೊಟ್ಟು, ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು, ಎರಡು ತಿಂಗಳೊಳಗೆ ಶುರು ಮಾಡುವುದು. ಯಾರ ಹೆಸರೂ ಇಲ್ಲ, ಯಾವ ದೇಶವೂ ಇಲ್ಲ. ಬರೆದ ಮೇಲೂ ನನಗೆ ಸಮಾಧಾನವಾಗಲಿಲ್ಲ. ಹಳೆಯ ಸಾಲನ್ನು ನಾನು ಓದುವ ಪ್ರತಿಯಲ್ಲಿ ಮಾತ್ರ ಹಾಗೇ ಬಿಟ್ಟಿದ್ದೆ.

ಮರುದಿನ ಓದಲು ಕೂತೆ. ಅನುಬಂಧವೇ ಮೊದಲು. ಗಣಿ, ವಸತಿನಿಲಯ, ಜೈಲು ಎಂದು ಓದಿ ಮುಗಿಸುವಷ್ಟರಲ್ಲಿ ಬಲಗಡೆ ಒಂದು ಫಲಕ ನೆಟ್ಟಗೆ ನಿಂತಿತು. ಮೊದಲ ಸಲ ಸಭೆಗೆ ಬಂದಿದ್ದ ಹೊಸ ಅಧಿಕಾರಿ. ಸಂದೇಹವನ್ನು ಚಹಾದ ಹೊತ್ತಿನಲ್ಲಿ ಕೇಳಬೇಕೆಂದು ಪಾಪ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಕ್ಷಮಿಸಿ, ಜೈಲು ಅಂದ್ರೆ ಯಾವ ದೇಶದ್ದು?"

ಹರ್ದೋಯೋ ಕಣ್ಣು ಮುಚ್ಚಿಕೊಂಡರು.

ಊ ಚಿಟ್ ಸ್ವೇ ತಮ್ಮ ಮೈಕ್ ಒತ್ತಿದರು.

"ಎಲ್ಲಾ ದೇಶದ್ದೂ. ನಿಮ್ಮಲ್ಲಿ ಜೈಲಿಲ್ವೇನಪ್ಪ? ಇಲ್ದಿದ್ರೆ ಹೇಳಿ, ನಿವೃತ್ತಿ ಆದ್ಮೇಲೆ ಅಲ್ಲಿಗೇ ಬರ್ತೀನಿ."

ಎಲ್ಲರೂ ನಕ್ಕರು. ಫಲಕ ಮಲಗಿತು. "ಮುಂದೆ ಓದಿ ಇಬು" ಎಂದರು ಅವರು, ನನ್ನ ಕಡೆ ನೋಡದೆ.

ಮುಂದೆ ಇದ್ದದ್ದು ಮುಖ್ಯ ಹೇಳಿಕೆ. ಅದರ ಒಂಬತ್ತನೇ ಪ್ಯಾರಾದಲ್ಲಿ ಸಾಂದಾಳ ಹೆಸರಿತ್ತು. ಮೈಕಿನ ಕೆಂಪು ದೀಪ ಉರಿಯುತ್ತಿತ್ತು. ಓದಿದರೆ ಇಡೀ ಸಭೆಯ ಕಿವಿಗೆ ಬೀಳುತ್ತಿತ್ತು. ಹೊರಗೆ ಪತ್ರಕರ್ತರೂ ಕಾಯುತ್ತಿದ್ದರು. ಆಮೇಲೆ ಆ ಮನುಷ್ಯ ಎದ್ದು ಹೋಗುತ್ತಿದ್ದರು, ಮಾತ್ರೆಗಳೂ ಅವರ ಹಿಂದೆಯೇ ಹೋಗುತ್ತಿದ್ದವು. ಎಂಟನೇ ಪ್ಯಾರಾ ಮುಗಿಸಿ ಒಂದು ಗುಟುಕು ನೀರು ಕುಡಿದೆ. ನೇರ ಹತ್ತಕ್ಕೆ ಹೋದೆ: ಸದಸ್ಯ ದೇಶಗಳ ಒಳವಿಷಯಗಳಲ್ಲಿ ಕೈಹಾಕದಿರುವ ತತ್ವವನ್ನು ಸಭೆ ಪುನಃ ಎತ್ತಿಹಿಡಿಯುತ್ತದೆ. ನನ್ನ ದನಿ ನಡುಗಲಿಲ್ಲ. ಅದು ನನಗೆ ಇವತ್ತಿಗೂ ಬೇಸರ.

ಮತ್ತೆ ಯಾವ ಫಲಕವೂ ಏಳಲಿಲ್ಲ. ಎಲ್ಲವೂ ಒಟ್ಟಿಗೆ ಅಂಗೀಕಾರವಾಯಿತು.

ಏಳನೇ ವಾರ ವೈದ್ಯರ ತಂಡ ಮೂರು ದೇಶಗಳ ಹನ್ನೊಂದು ಜೈಲುಗಳಿಗೆ ಹೋಯಿತು, ಸಾಂದಾ ಇದ್ದ ಜೈಲಿಗೂ. ಪಟ್ಟಿಗೆ ನಮ್ಮ ದೇಶದ ಎರಡನ್ನೂ ಸೇರಿಸಿದ್ದೆವು. ನಮ್ಮಲ್ಲಿಯೂ ಮಾತ್ರೆ ಸಿಗದೆ ಮಲಗಿದ್ದ ಮೂವತ್ತು ಜನ ಸಿಕ್ಕಿದರು. ಹರ್ದೋಯೋ ವರದಿ ಓದಿ, "ಹೊಗೆ ಅವರ ಮನೇದು ಮಾತ್ರ ಅಂದ್ಕೊಂಡಿದ್ವಿ" ಎಂದರು.

ಹೋದ ಗುರುವಾರ ಯೂಪಾರ್ ಫೋನ್ ಮಾಡಿದ್ದರು. ಸಾಂದಾಳಿಗೆ ರಕ್ತ ಬರುವುದು ನಿಂತಿದೆ, ತೂಕ ಮೂರು ಕೆಜಿ ಏರಿದೆ. ಜೈಲಿನ ಸಾರು ನೀರೆಂದು ಬೈಯುವಷ್ಟು ದನಿ ಬಂದಿದೆಯಂತೆ. ಬಿಡುಗಡೆ ಯಾವಾಗಲೋ ಯಾರಿಗೂ ಗೊತ್ತಿಲ್ಲ. ಮುಂದಿನ ತಿಂಗಳು ತಂಡ ಮತ್ತೆ ಹೋಗುತ್ತದೆ.

"ನೀನು ಹೆಸರು ಹೇಳಿದ್ಯಾ ಅಂತ ಅವಳು ಕೇಳಿ ಕಳಿಸಿದ್ದಾಳೆ" ಎಂದರು ಯೂಪಾರ್.

ಇಲ್ಲ ಎಂದೆ. ಹೇಳುತ್ತೇನೆಂದು ಮಾತು ಕೊಟ್ಟಿದ್ದೆ, ಹೇಳಲಿಲ್ಲ.