ಬಾದಶಾನ ಬಿಸಿಲು

"ದಿನಕ್ಕ ಎಷ್ಟು ತಾಸು ಹಚ್ಚತೀರಿ ಅಂತ ಕೇಳಾಕತ್ತಾರ, ಕಾಕೂ" ಎಂದಳು ಸೈಮಾ.

ಆನಂದೀಬಾಯಿ ಮೇಜಿನ ಮೇಲಿದ್ದ ಉದ್ದನೆಯ ಬಿಳಿ ದೀಪದ ಕೊಳವೆಯಿಂದ ಕೈ ತೆಗೆಯಲಿಲ್ಲ. ಶಾರ್ಜಾದ ಆ ಅಂಗಡಿಯಲ್ಲಿ ನೆಲದಿಂದ ಸೂರಿನವರೆಗೆ ಗಾಜಿನ ಪೆಟ್ಟಿಗೆಗಳಿದ್ದವು. ಒಂದರಲ್ಲಿ ಆಮೆ, ಇನ್ನೊಂದರಲ್ಲಿ ಸುರುಳಿ ಸುತ್ತಿ ಮಲಗಿದ ಹಾವು. ಒಂಬತ್ತು ಗಜದ ಸೀರೆ ಉಟ್ಟ ಮುದುಕಿಯನ್ನು ಗಿರಾಕಿಗಳು ಹಾವಿಗಿಂತ ಹೆಚ್ಚಾಗಿ ನೋಡುತ್ತಿದ್ದರು.

"ಆರಿಸೇ ಇಲ್ಲಲ್ಲ. ಪ್ರಾಚಿ ಹೋದ ದಿನದಿಂದ ಹಗಲೂ ರಾತ್ರಿ ಉರೀಲಿಕ್ಕತ್ತದ. ನಂದಾದೀಪ ಇದ್ದಂಗ ನೋಡಿಕೊಂಡೀನಿ."

ಸೈಮಾ ಅದನ್ನು ಹಿಂದಿಯಲ್ಲಿ ಹೇಳಿದಳು. ಅಂಗಡಿಯವನು ಪೆನ್ನು ಕೆಳಗಿಟ್ಟು, ಮೆಲ್ಲಗೆ ಬಹಳ ಹೊತ್ತು ಮಾತಾಡಿದ. ಸೈಮಾ ಕೊಳವೆಯತ್ತ ನೋಡಿದಳು.

"ಏನಂದಾ? ಇದ್ದದ್ದು ಹೇಳು."

"ಹನ್ನೆರಡು ತಾಸಿನ ಮ್ಯಾಲ ಹಚ್ಚಬಾರದಂತ, ಕಾಕೂ. ಕತ್ತಲ ಇಲ್ಲದಿದ್ರ ಬಾದಶಾಗ ನಿದ್ದಿ ಇಲ್ಲ. ಹಗಲೂ ರಾತ್ರಿ ಉರಿದ್ರ ಆರು ತಿಂಗಳಿಗೇ ಇದರೊಳಗಿನ ಬಿಸಿಲಿನ ಕಸುವು ತೀರತೈತಂತ. ಮ್ಯಾಲ ಬೆಳಕ ಕಾಣತೈತಿ, ಒಳಗ ಏನೂ ಇರಾಂಗಿಲ್ಲ. ಅದಕ್ಕs ಅದರ ಎಲುಬು ಮೆತ್ತಗಾಗ್ಯಾವ."

ಬಾದಶಾ ಒಂದು ಇಗ್ವಾನಾ. ಉಡದಂತೆ ಕಾಣುವ, ಆದರೆ ಬರೀ ಸೊಪ್ಪು ತಿನ್ನುವ ಹಸಿರು ಪ್ರಾಣಿ. ಎಂಟು ವರ್ಷದ ಹಿಂದೆ ಪುಣೆಯಲ್ಲಿ ಓದುತ್ತಿದ್ದಾಗ ಮಗಳು ಪ್ರಾಚಿ ಅದನ್ನು ಅಂಗೈಯಷ್ಟು ಮರಿಯಾಗಿ ತಂದಿದ್ದಳು. ಅರಣ್ಯ ಇಲಾಖೆಯ ನೋಂದಣಿ ಕಾಗದವೂ ಅವಳ ಹೆಸರಿನಲ್ಲೇ ಇತ್ತು. ಆಮೇಲೆ ಅವಳು ಊರಿಗೆ ಹತ್ತಿರದ ಟಿಕೋಟಾದ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದಳು. ಹೋದ ವರ್ಷ ಒಂದು ಸಂಜೆ ಸ್ಕೂಟರಿನಲ್ಲಿ ಮನೆಗೆ ಬರುವಾಗ ಲಾರಿ ಬಡಿಯಿತು. ಈಗ ಬಾದಶಾನ ಹಿಂಗಾಲುಗಳು ನಡುಗುತ್ತಿದ್ದವು, ಕೆಳದವಡೆ ಬೆರಳಿಗೆ ರಬ್ಬರಿನಂತೆ ಬಾಗುತ್ತಿತ್ತು. ಸೈಮಾ ಪ್ರಾಚಿಯ ಗೆಳತಿ, ಶಾರ್ಜಾದಲ್ಲಿ ಶಾಲಾ ಶಿಕ್ಷಕಿ. ಅವಳು ಕಳಿಸಿದ ಕೊಳವೆಗಳು ಎರಡು ಸಲವೂ ಟಪಾಲಿನಲ್ಲಿ ಚೂರಾಗಿ ಬಂದಿದ್ದವು. ಮೂರನೆಯ ಸಲ ಆನಂದೀಬಾಯಿ, "ನಾನೇ ಬರ್ತೀನಿ" ಎಂದಿದ್ದರು. ಬಾದಶಾಗೆ ಸೊಪ್ಪು ಹಾಕಲು ಕೆಲಸದವಳಿಗೆ ಹೇಳಿ, ಅಕ್ಕಿ ಬೇಳೆ ಕಟ್ಟಿಕೊಂಡು ಬಂದು ಎಂಟು ದಿನದಿಂದ ಸೈಮಾಳ ಮನೆಯಲ್ಲಿ ತಾವೇ ಅಡುಗೆ ಮಾಡಿಕೊಂಡು ಉಣ್ಣುತ್ತಿದ್ದರು.

ಅಂಗಡಿಯವನ ಮಾತು ಕೇಳಿದ ಮೇಲೆ ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಹಂಗಂದ್ರ ನಾನೇ ಮಾಡೀನಿ."

"ಗೊತ್ತಿರಲಿಲ್ಲಲ್ಲ, ಕಾಕೂ."

"ಎರಡು ಕೊಡು ಅನ್ನು. ಮತ್ತ ಆ ಶಾಖದ ಬಲ್ಬು, ಸುಣ್ಣದ ಪುಡಿ. ಹೆಂಗ ಜೋಡಿಸೂದು ಅಂತ ಕನ್ನಡದಾಗ ಬರಕೊಡು."

ಕೊಳವೆಗಳನ್ನು ಸೀರೆಯಲ್ಲಿ ಸುತ್ತಿ ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದರು. ಬೆಂಗಳೂರಿನಲ್ಲಿ ಸುಂಕದ ಅಧಿಕಾರಿ ಬಿಳಿ ಪುಡಿಯ ಡಬ್ಬಿಯ ಮುಚ್ಚಳ ತೆಗೆದ.

"ಏನಮ್ಮಾ ಇದು?"

"ಸುಣ್ಣ. ಎಲುಬಿಗೆ."

"ಯಾರ ಎಲುಬಿಗೆ?"

"ಬಾದಶಾನ ಎಲುಬಿಗೆ."

ಅವನು ಅವರ ಮುಖ ನೋಡಿದ. ಡಬ್ಬಿಯ ಮೇಲಿನ ಹಲ್ಲಿಯ ಚಿತ್ರ ನೋಡಿದ. ಮುಚ್ಚಳ ಹಾಕಿ, ಹೋಗಿ ಅಂದ.

ವಿಜಯಪುರದಲ್ಲಿ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ಮನೆಯ ಮುಂದೆ ಪಕ್ಕದ ಮನೆಯ ಮೈದುನ ಸುಶೀಲೇಂದ್ರ ತಾಮ್ರದ ತಂಬಿಗೆ ಹಿಡಿದು ನಿಂತಿದ್ದ. ಸಮುದ್ರ ದಾಟಿ ಬಂದವರು ಪಂಚಗವ್ಯ ತೆಗೆದುಕೊಳ್ಳದೆ ದೇವರ ಕೋಣೆಗೆ ಹೋಗುವಂತಿರಲಿಲ್ಲ. ಆನಂದೀಬಾಯಿ ಹೊಸ್ತಿಲ ಹೊರಗೇ ನಿಂತು ಬಲಗೈಯಲ್ಲಿ ಹಾಕಿಸಿಕೊಂಡು ಮೂರು ಸಲ ಕುಡಿದರು. ಅದು ಅವರ ಮನಸ್ಸಿಗೂ ಸರಿಯೇ ಇತ್ತು.

"ಬಿಜಾಪುರದಾಗ ಬಿಸಿಲಿಗೆ ಬರ ಬಂದಿತ್ತೇನು, ವೈನಿ? ಸಮುದ್ರ ದಾಟಿ ಹೋಗಿ ಬಿಸಿಲು ತಂದ್ರಲ್ಲ."

"ದಿನಾ ಹನ್ನೆರಡು ತಾಸು ಮಾಳಗಿ ಮ್ಯಾಲೆ ಅದರ ಕೂಡ ನೀ ಕೂಡ್ತೀಯೇನು? ಹದ್ದು ಬಂದ್ರ ಓಡಸ್ತೀಯೇನು?"

ಸುಶೀಲೇಂದ್ರ ತಂಬಿಗೆ ಕೆಳಗಿಟ್ಟ. "ನಾಳೆ ಬಬಲೇಶ್ವರದಿಂದ ಗುರುತಿನ ರೈತ, ಶ್ರೀಮಂತ ಅಂತ, ಬರ್ತಾನ. ಅದನ್ನ ಅವನ ಹೊಲಕ್ಕ ಬಿಡಲಿ. ಪ್ರಾಚಿ ತಿಥಿಗೆ ಇನ್ನ ಮೂರು ವಾರ ಅದ. ಅದು ಮನಿಯೊಳಗ ಇದ್ರ ನಾ ತಿಥಿಗೆ ಕೂಡೂದಿಲ್ಲ. ಈಗs ಹೇಳೀನಿ."

ಆನಂದೀಬಾಯಿ ಒಳಗೆ ಹೋಗಿ ಸೈಮಾ ಬರೆದುಕೊಟ್ಟ ಚೀಟಿ ನೋಡುತ್ತ ಹೊಸ ಕೊಳವೆ ಕೂರಿಸಿದರು. ಸಂಜೆ, ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ, ಇದನ್ನು ಆರಿಸಬೇಕಾಯಿತು. ಗುಂಡಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನಿಂತರು. ಸತ್ತವಳ ದೀಪವನ್ನು ತಾಯಿ ಆರಿಸುವುದೆಂದರೇನು? ಒತ್ತಿದರು. ಗಾಜಿನೊಳಗೆ ಕತ್ತಲಾಯಿತು. ಬಾದಶಾ ತಲೆಯನ್ನು ಟೊಂಗೆಯ ಮೇಲಿಟ್ಟು ಕಣ್ಣು ಮುಚ್ಚಿತು.

ಮರುದಿನ ಶ್ರೀಮಂತ ಬುಟ್ಟಿಯೊಡನೆ ಬಂದ. ಆಡು ಸಾಕುವ ಒಕ್ಕಲಿಗ. ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ನೋಡಿದ.

"ಉಡ ಅನಕೊಂಡಿದ್ನಿರಿ. ಹುಳ ಹುಪ್ಪಡಿ ತಿಂತೈತೇನ್ರಿ, ಬಾಯಾರ?"

"ಮುಟ್ಟೂದಿಲ್ಲಪಾ. ಮೆಂತೆ, ನುಗ್ಗಿ ಎಲಿ, ದಾಸವಾಳ."

"ಹಂಗಂದ್ರ ನಿಮ್ಮ ಮಂದಿನs ಬಿಡ್ರಿ." ಬಾದಶಾನ ಕಾಲು ನಡುಗುವುದನ್ನು ನೋಡಿ ಅವನ ನಗು ನಿಂತಿತು. ಸುಶೀಲೇಂದ್ರನತ್ತ ತಿರುಗಿದ. "ರಾಯರ, ಹೊಲದಾಗ ಬಿಟ್ರ ಇದು ಸಂಜಿತನಕ ಉಳಿಯಾಂಗಿಲ್ರಿ. ನಾಯಿ ಅದಾವು. ಸಾಯಾಕs ಒಯ್ಯೂದಿದ್ರ ನನ್ನ ಯಾಕ ಕರೆದ್ರಿ?"

ಖಾಲಿ ಬುಟ್ಟಿ ಎತ್ತಿಕೊಂಡು ಹೊರಟುಹೋದ. ಸುಶೀಲೇಂದ್ರ ಪೆಟ್ಟಿಗೆಗೆ ಬೆನ್ನು ಮಾಡಿ ನಿಂತ. ಮಕ್ಕಳಿಲ್ಲದ ಅವನೇ ಪ್ರಾಚಿಗೆ ಸೈಕಲ್ಲು ಕಲಿಸಿದ್ದ, ಸ್ಕೂಟರನ್ನೂ ಅವನೇ ಕಲಿಸಿದ್ದ.

"ವೈನಿ, ಆಕಿ ಗಾಡಿ ಡಿಕ್ಕಿಯೊಳಗ ಮೆಂತೆ ಸೂಡು ಇತ್ತು. ಇದಕ್ಕಂತ ಟಿಕೋಟಾ ಸಂತಿಯೊಳಗ ನಿಂತು ತೊಗೊಂಡಿದ್ಲು. ಹತ್ತು ನಿಮಿಷ ಮೊದಲ ಹೊರಟಿದ್ರ ಆ ಲಾರಿ ಸಿಗತಿರಲಿಲ್ಲ. ಇದರ ಸಲುವಾಗಿ ಸತ್ತಳು ಆಕಿ."

"ಆಕಿ ಸತ್ತದ್ದು ಲಾರಿ ಬಡದು, ಸುಶೀಲೂ. ಮೆಂತೆ ಬಡದು ಅಲ್ಲ."

"ನಾ ಕೂಡೂದಿಲ್ಲ. ಆಚಾರ್ಯರಿಗೂ ಬರಬ್ಯಾಡ್ರಿ ಅಂತೀನಿ. ಮಗಳಿಗೆ ನೀರು ಬಿಡೋರು ಯಾರು, ವಿಚಾರ ಮಾಡ್ರಿ."

ಆನಂದೀಬಾಯಿ ಗಂಡನ ತಿಥಿಯನ್ನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಪ್ಪಿಸಿದವರಲ್ಲ. ನೀರು ಬಿಡದಿದ್ದರೆ ಹೋದವರು ಬಾಯಾರಿ ನಿಂತಿರುತ್ತಾರೆಂಬುದು ಅವರಿಗೆ ಯಾರೋ ಹೇಳಿದ ಮಾತಾಗಿರಲಿಲ್ಲ; ಸೂರ್ಯ ಮೂಡುವಷ್ಟೇ ನಿಜವಾಗಿತ್ತು. ಅವರು ಗೋಡೆ ಹಿಡಿದು ಕುಳಿತರು. ಪೆಟ್ಟಿಗೆಯೊಳಗೆ ಬಾದಶಾ ಒಂದು ಕಾಲನ್ನು ಎತ್ತಿ, ಇಡಲಾರದೆ, ಹಾಗೆಯೇ ಹಿಡಿದಿತ್ತು.

"ಬರಬ್ಯಾಡ್ರಿ ಅಂತ ಹೇಳು ಆಚಾರ್ಯರಿಗೆ" ಎಂದರು. "ಆಕಿ ಜೀವಾ ಇಟ್ಟು ಸಾಕಿದ್ದನ್ನ ನಾಯಿ ಬಾಯಿಗೆ ಕೊಟ್ಟು, ಆಕಿ ಹೆಸರಲೆ ಪಾಯಸ ಬಡಸಲಿಕ್ಕೆ ನನ್ನ ಕೈಲೆ ಆಗೂದಿಲ್ಲ."

"ಓಣಿ ಮಂದಿ ಏನಂದಾರು?"

"ಬಂದು ನನ್ನ ಮುಂದ ಅನ್ನಲಿ."

ಆ ಮೂರು ವಾರ ಸುಶೀಲೇಂದ್ರ ಮಾತು ಬಿಟ್ಟ. ಎರಡು ಮನೆಗಳ ನಡುವಿನ ಬಾಗಿಲಿಗೆ ಅವನ ಕಡೆಯಿಂದ ಅಗಳಿ ಬಿತ್ತು. ಆನಂದೀಬಾಯಿ ಬೆಳಿಗ್ಗೆ ಆರಕ್ಕೆ ದೀಪ ಹಚ್ಚಿದರು, ಸಂಜೆ ಆರಕ್ಕೆ ಆರಿಸಿದರು, ಸೊಪ್ಪಿಗೆ ಸುಣ್ಣದ ಪುಡಿ ಉದುರಿಸಿ ಬೆರಳಿನಿಂದ ತಿನ್ನಿಸಿದರು. ಗುಡಿಯಲ್ಲಿ ಯಾರೋ, "ಹಲ್ಲಿ ಹೆಂಗದರಿ?" ಎಂದು ನಕ್ಕಾಗ, "ನಿಮ್ಮಕಿಂತ ಚೊಲೊ ಅದ, ಸುಳ್ಳು ಆಡೂದಿಲ್ಲ" ಎಂದು ಪ್ರದಕ್ಷಿಣೆ ಮುಂದುವರಿಸಿದರು.

ತಿಥಿಯ ದಿನ ನಸುಕಿನಲ್ಲೇ ತಲೆಗೆ ಎರೆದುಕೊಂಡು, ಒದ್ದೆ ಸೀರೆಯಲ್ಲಿ ಅಡುಗೆ ಮಾಡಿದರು. ಪಡಸಾಲೆಯಲ್ಲಿ ಬಾಳೆಯ ಎಲೆ ಹಾಕಿ ಎಲ್ಲವನ್ನೂ ಬಡಿಸಿದರು. ಹೆಂಗಸರಿಗೆ ಮಂತ್ರದ ಅಧಿಕಾರವಿಲ್ಲವೆಂದು ಅವರು ಕಲಿತಿದ್ದರು, ಮಂತ್ರ ಹೇಳಲಿಲ್ಲ. ಬೊಗಸೆಯಲ್ಲಿ ನೀರು, ಎಳ್ಳು ಹಿಡಿದು, "ಪ್ರಾಚಿ" ಎಂದರು. ನೀರು ಬಿಟ್ಟರು. ಮತ್ತೆ ತುಂಬಿಕೊಂಡು, "ಪ್ರಾಚಿ" ಎಂದರು. ಮೂರನೆಯ ಸಲ ಹೇಳುವಾಗ ನಡುವಿನ ಬಾಗಿಲ ಅಗಳಿ ಸರಿಯಿತು. ಬಾಗಿಲು ಗೇಣಷ್ಟು ತೆರೆದು, ಅಲ್ಲೇ ನಿಂತಿತು. ಸಂದಿಯಲ್ಲಿ ಸುಶೀಲೇಂದ್ರನ ಪಾದಗಳು ಕಾಣುತ್ತಿದ್ದವು. ಆನಂದೀಬಾಯಿ ಅತ್ತ ತಿರುಗಲಿಲ್ಲ.

ಗಾಜಿನ ಪೆಟ್ಟಿಗೆಯ ಬಾಗಿಲು ತೆರೆದಿತ್ತು. ಬಾದಶಾ ಹೊರಗೆ ಇಳಿಯಿತು. ಎದೆಯನ್ನು ನೆಲದಿಂದ ಎತ್ತಿ, ನಾಲ್ಕೂ ಕಾಲು ಊರಿ, ನಿಂತು ನಿಂತು ಬಂದಿತು. ಅನ್ನ ಪಾಯಸಗಳತ್ತ ನೋಡದೆ ಎಲೆಯ ಹಸಿರು ಅಂಚಿಗೆ ಬಾಯಿ ಹಾಕಿ ಜಗ್ಗಿತು. ಎಲೆ ಜಾರದಂತೆ ಆನಂದೀಬಾಯಿ ಅದರ ಇನ್ನೊಂದು ತುದಿಯನ್ನು ಅಂಗೈಯಿಂದ ಒತ್ತಿ ಹಿಡಿದರು.