ಪ್ಲಗ್ ಬಿಚ್ಚುವ ಇಲಿ

ನನ್ನ ಗಂಡ ಮುನಾಫನಿಗೆ ಬ್ಯಾಡಗಿ ಪೇಟೆಯಲ್ಲಿ ಚಪ್ಪಲಿ ಅಂಗಡಿಯಿದೆ. ಮನೆಯಿಂದ ಅಲ್ಲಿಗೆ ನಡೆದರೆ ಬೆವರೂ ಬರುವುದಿಲ್ಲ. ಆದರೂ ಮಹಾರಾಯ ಕಾರಿನಲ್ಲೇ ಹೋಗುತ್ತಾನೆ, ಅಂಗಡಿಯೆದುರು ನಿಲ್ಲಿಸಿ ದಿನವಿಡೀ ಅದರ ಧೂಳು ಒರೆಸುತ್ತಾನೆ. ನಾನು ಬೇನಜೀರ, ಹಾವೇರಿಯ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುವವಳು, ಬಸ್ಸಿನ ಮೆಟ್ಟಿಲ ಮೇಲೆ ಜೋತುಬಿದ್ದು ಹೋಗುತ್ತೇನೆ. ಅದೂ ಸಿಕ್ಕರೆ. ಸಿಗದ ದಿನ ಪ್ರಾರ್ಥನೆ ಮುಗಿದ ಮೇಲೆ ಕಳ್ಳಿಯಂತೆ ಒಳಗೆ ನುಸುಳಬೇಕು. ಈ ಸಲ ಹೆಡ್‌ಮಾಸ್ತರರು ಕಡ್ಡಿ ಮುರಿದಂತೆ ಹೇಳಿಬಿಟ್ಟರು: ಇನ್ನೊಂದು ದಿನ ತಡವಾದರೆ ಕೆಲಸ ಬೇರೆಯವರಿಗೆ.

ನನ್ನ ಹತ್ತಿರ ಲೈಸೆನ್ಸ್ ಇದೆ, ಓಡಿಸಲೂ ಬರುತ್ತದೆ. ಇನ್ನು ಮೇಲೆ ಕಾರು ನಾನೊಯ್ಯುತ್ತೇನೆ ಎಂದೆ. ಆ ವಾರವೇ ಮುನಾಫ ಹೊಸ ಸೀಟ್ ಕವರ್ ಹಾಕಿಸಿದ್ದ. ಮರುದಿನ ಸ್ಟೇರಿಂಗ್ ಹಿಂದೆ ಏರ್‌ಬ್ಯಾಗಿನ ಕೆಂಪು ದೀಪ ಹತ್ತಿ ಕೂತಿತು. ಅಂಗಡಿಯೆದುರು ಪಂಡಿತರ ಸಭೆ ನೆರೆಯಿತು. ಒಬ್ಬ ಬ್ಯಾಟರಿ ಹೋಗಿದೆ ಅಂದ, ಇನ್ನೊಬ್ಬ ಪೆಟ್ರೋಲಿನಲ್ಲಿ ಕಲಬೆರಕೆ ಅಂದ, ಮತ್ತೊಬ್ಬ ನಾಲ್ಕೂ ಚಕ್ರಕ್ಕೆ ಗಾಳಿ ತುಂಬಿಸಿಕೊಂಡು ಬಂದ. ದೀಪ ಯಾರ ಮಾತನ್ನೂ ಕೇಳಲಿಲ್ಲ.

‘ದೀಪ ಹತ್ತೇತಿ. ಇಂಥಾ ಗಾಡಿ ನಿನ್ನ ಕೈಯಾಗ ಹೆಂಗ ಕೊಡ್ಲಿ?’ ಎಂದ ಮುನಾಫ.

‘ನೀವು ಓಡಸಾಕತ್ತೀರಲ್ಲ?’

‘ನಂದು ಬ್ಯಾರೆ.’

ಅತ್ತೆ ಹುಸೇನಬಿ ಯಾವತ್ತೂ ಮಗನ ಪಕ್ಷ. ‘ಅಂವ ಹೇಳೂದು ಖರೇ ಐತಿ. ಹೆಣ್ಮಕ್ಕಳಿಗೆ ಯಾಕ ಬೇಕು ಇಲ್ಲದ ಉಸಾಬರಿ?’ ಅಂದರು.

ನಾನು ಬಿಡಲಿಲ್ಲ. ತಲೆ ತಿಂದು ತಿಂದು ಮುನಾಫನನ್ನು ರಾಣೆಬೆನ್ನೂರಿನ ಗ್ಯಾರೇಜಿಗೆ ಹೊರಡಿಸಿ, ನಾನೂ ಜೊತೆಗೆ ಹೋದೆ. ಮೆಕ್ಯಾನಿಕ್ ಪ್ರಭುಲಿಂಗಪ್ಪ ಸ್ಕ್ಯಾನರ್ ಹಚ್ಚಿ ನೋಡಿದ, ಬ್ಯಾಟರಿ ವೈರ್ ತೆಗೆದ, ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿ ಒಂದು ಹಳದಿ ಪ್ಲಗ್ ಒತ್ತಿ ಕೂಡಿಸಿದ.

‘ಕವರ್ ಹಾಕಾವ್ರು ಬಿಚ್ಚಿ, ಸರಿ ಹಾಕಿಲ್ರಿ. ಈ ದೀಪ ಹತ್ತಿದ್ರ, ಗುದ್ದಿದಾಗ ಏರ್‌ಬ್ಯಾಗಿನ ಬಲೂನು ಉಬ್ಬತಾವೋ ಇಲ್ಲೋ ಖಾತ್ರಿ ಇಲ್ಲ.’

ದೀಪ ಆರಿತು. ಮುನಾಫ ನೆಲಕ್ಕೆ ಮೊಣಕಾಲೂರಿ, ಸೀಟಿನ ಕೆಳಗೆ ತಲೆ ತೂರಿಸಿ, ಪ್ಲಗ್ ಎಲ್ಲಿದೆ, ಹೇಗಿದೆ ಎಂದು ಕೇಳಿ ಕೇಳಿ ತಿಳಿದುಕೊಂಡ. ಗಂಡನಿಗೆ ಎಷ್ಟು ಕಾಳಜಿ ಎಂದು ನನಗೆ ಹೆಮ್ಮೆಯಾಯಿತು. ಎಂಥ ಪೆದ್ದಿ ನಾನು!

‘ಸೋಮವಾರದಿಂದ ಒಯ್ಯಿ’ ಎಂದು ಉದಾರವಾಗಿ ಹೇಳಿದ. ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದರೆ ದೀಪ ಮತ್ತೆ ಹತ್ತಿತ್ತು.

‘ನಸೀಬ ನೋಡು!’ ಎಂದು ಮುನಾಫ ಸತ್ತವರ ಮನೆಯಲ್ಲಿ ಕೂತವನ ಮುಖ ಮಾಡಿದ.

ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಕೆಲಸ ಹೋಯಿತೆಂದೇ ಅನ್ನಿಸಿತು. ಆಮೇಲೆ ಮುಖ ತೊಳೆದು ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತೆ. ‘ಈಗಿಂದೀಗ ಪ್ರಭುಲಿಂಗಪ್ಪನ ಹತ್ರ ನಡೀರಿ. ಇಲ್ಲಾಂದ್ರ ನಾ ಇಳಿಯಂಗಿಲ್ಲ.’ ಪೇಟೆ ನೋಡುವ ಆಸೆಗೆ ಅತ್ತೆಯೂ ಹೊರಟರು, ತಮ್ಮ ಕಾಯಂ ಜಾಗವಾದ ಮುಂದಿನ ಸೀಟಿನಲ್ಲಿ ಕೂತರು. ಹೆದ್ದಾರಿಯಲ್ಲಿ ಮುನಾಫ ಲಾರಿಗಳ ಸಂದಿಯಲ್ಲಿ ನುಗ್ಗಿಸಿಕೊಂಡು ಹೋದ.

ಪ್ರಭುಲಿಂಗಪ್ಪ ಸ್ಕ್ಯಾನರ್ ನೋಡಿ ಹುಬ್ಬೇರಿಸಿದ. ‘ಮತ್ತ ಅದೇ ಪ್ಲಗ್. ಅಲ್ರಿ, ಹೋದ ಸಲ ಲಾಕ್ ಬೀಳೂಮಟಾ ಒತ್ತೇನಿ. ಇದು ತಾನಾಗಿ ಬಿಚ್ಚಂಗಿಲ್ಲ.’

‘ಇಲಿ ಇರಬೇಕು’ ಎಂದ ಮುನಾಫ.

‘ಇಲಿ ವೈರ್ ಕಡೀತೈತ್ರೀ ಸಾಹೇಬ್ರ. ಲಾಕ್ ಒತ್ತಿ, ಪ್ಲಗ್ ಬಿಚ್ಚಿ, ಕವರ್ ಮತ್ತ ನೀಟಾಗಿ ಮುಚ್ಚಂಗಿಲ್ಲ.’

ಮುನಾಫನ ಕಿವಿ ಕೆಂಪಾದವು. ಆ ಇಲಿಯ ಕಪಾಳಕ್ಕೆ ಅಲ್ಲೇ ಬಾರಿಸಬೇಕೆನಿಸಿತು ನನಗೆ.

‘ಅಲ್ಲಾ... ಇಕಿ ಗಾಡಿ ಒಯ್ದು, ನಾ ಅಂಗಡಿಗೆ ನಡಕೋತ ಹೋದ್ರ ಮಂದಿ ಏನಂದಾರು? ಮತ್ತ ಇಕಿಗೆ ಏನಾರ ಆದೀತು ಅಂತ ಅಂಜಿಕಿನೂ ಇತ್ತು’ ಎಂದು ತೊದಲಿದ.

‘ನನಗೇನಾರ ಆದೀತು ಅಂತ ಬಲೂನಿನ ಪ್ಲಗ್ ಕಿತ್ತಿಟ್ರಿ?’ ಎಂದೆ.

ಹುಸೇನಬಿ ಪ್ರಭುಲಿಂಗಪ್ಪನ ಕಡೆ ತಿರುಗಿದರು. ‘ಈಗ ನಾ ಮುಂದ ಕುಂತು ಬಂದೆನಲ್ಲಪ್ಪಾ. ದಾರ್‍ಯಾಗ ಲಾರಿ ಬಡದಿದ್ರ ಬಲೂನು ಉಬ್ಬತಿತ್ತೇನು?’

‘ಖಾತ್ರಿ ಇರ್ಲಿಲ್ರೀ ಅಮ್ಮಾ.’

ಅತ್ತೆ ಸೆರಗು ಸರಿಮಾಡಿಕೊಂಡು ಮಗನನ್ನು ನೋಡಿದರು. ಅವರ ಕಣ್ಣಲ್ಲಿ ನೀರಿತ್ತು. ‘ಹೆತ್ತ ತಾಯಿನ್ನ ಕುಂಡ್ರಿಸಿಕೊಂಡು ಬರೂಮುಂದ ಬರದ ಅಂಜಿಕಿ, ಮಂದಿ ಏನಂದಾರು ಅನ್ನೂದಕ್ಕ ಬಂತಲ್ಲೋ ಹಾಳಾದವನ.’

ಪ್ರಭುಲಿಂಗಪ್ಪ ಪ್ಲಗ್ ಕೂಡಿಸಿದ, ದೀಪ ಆರಿಸಿದ. ಹುಸೇನಬಿ ಮಗನ ಕೈಯಿಂದ ಚಾವಿ ಕಸಿದು ನನ್ನ ಅಂಗೈಯಲ್ಲಿಟ್ಟರು. ಮತ್ತೆ ಮುಂದಿನ ಸೀಟಿನಲ್ಲಿಯೇ ಹೋಗಿ ಕೂತು ಬೆಲ್ಟ್ ಎಳೆದುಕೊಂಡರು. ನಾನು ಸ್ಟೇರಿಂಗ್ ಹಿಡಿದೆ.

‘ನಾ?’ ಎಂದ ಮುನಾಫ ಹೊರಗೆ ನಿಂತು.

‘ಹಿಂದ ಕುಂಡ್ರು’ ಎಂದರು ಅತ್ತೆ. ‘ಅಲ್ಲಿಗೆ ದೀಪ ಕಾಣಂಗಿಲ್ಲ, ನಿನಗ ಅಂಜಿಕೀನೂ ಬರಂಗಿಲ್ಲ.’