ಮದ್ದು ಹಿಡಿಯದ ತೊಟ್ಟಿ

ಆಸಿಡ್ ತೊಟ್ಟಿಯಿಂದ ಮೇಲೆ ಬಂದ ಉಕ್ಕಿನ ಕೊಳವೆಯ ಮೇಲೆ ತಂಗಿ ಹೆಬ್ಬೆರಳು ಆಡಿಸಿದಳು. ನುಣ್ಣಗಿರಬೇಕಾದಲ್ಲಿ ಸಿಡುಬಿನ ಕಲೆಗಳಂತೆ ಸಣ್ಣ ಸಣ್ಣ ಗುಳಿ. ಮೇಸ್ತ್ರಿ ಅದನ್ನು ಗುಜರಿಯ ಕಡೆಗೆ ಉರುಳಿಸಿದ.

ಕಾರ್ಖಾನೆ ಅಕ್ಕನದು. ಕೊಳವೆಗಳ ಎಣ್ಣೆ ಜಿಡ್ಡನ್ನು ಡಿಟರ್ಜೆಂಟ್ ನೀರಿನಲ್ಲಿ ತೆಗೆದು, ಆಮೇಲೆ ತುಕ್ಕನ್ನು ಆಸಿಡ್‌ನಲ್ಲಿ ತೊಳೆದು ಬೆಳ್ಳಗೆ ಮಾಡಿಕೊಡುವುದು ಅಲ್ಲಿನ ಕಸುಬು. ಆಸಿಡ್‌ಗೆ ಹೊಟ್ಟೆ ತುಂಬುವುದೆಂಬುದಿಲ್ಲ. ತುಕ್ಕು ಮುಗಿದ ಮೇಲೆ ಉಕ್ಕಿಗೇ ಬಾಯಿ ಹಾಕುತ್ತದೆ. ಅದನ್ನು ತಡೆಯಲು ತೊಟ್ಟಿಗೆ ಒಂದಿಷ್ಟು ಮದ್ದು ಬೆರೆಸುತ್ತಾರೆ. ಅದೂ ಸೋಪಿನ ಬಳಗದ್ದೇ. ಅದರ ಒಂದೊಂದು ಕಣಕ್ಕೂ ಒಂದು ತಲೆ, ಒಂದು ಬಾಲ. ತಲೆ ಉಕ್ಕಿಗೆ ಕಚ್ಚಿಕೊಳ್ಳುತ್ತದೆ, ಎಣ್ಣೆಯ ಗುಣದ ಬಾಲ ಹೊರಗೆ ಚಾಚಿ ನೀರನ್ನು ದೂರವಿಡುತ್ತದೆ. ಒತ್ತೊತ್ತಾಗಿ ನಿಂತ ಆ ಕಣಗಳದೇ ಒಂದು ಪೊರೆ, ಕಣ್ಣಿಗೆ ಕಾಣದಷ್ಟು ತೆಳುವಾದದ್ದು. ಪೊರೆ ಗಟ್ಟಿಯಾಗಿದ್ದರೆ ಉಕ್ಕು ಕ್ಷೇಮ. ಅಲ್ಲಲ್ಲಿ ಹರಿದಿದ್ದರೆ ಆಸಿಡ್ ಆ ಕಿಂಡಿಗಳಲ್ಲೇ ಕೂತು ಕೊರೆಯುತ್ತದೆ.

ರಸಾಯನಶಾಸ್ತ್ರ ಓದಿ, ಮದುವೆಯಾಗಿ, ಮಗಳನ್ನು ಬೆಳೆಸುವಷ್ಟರಲ್ಲಿ ಓದಿದ್ದೆಲ್ಲ ಅಟ್ಟ ಸೇರಿತು ಅಂದುಕೊಂಡಿದ್ದ ತಂಗಿಗೆ ಈ ತೊಟ್ಟಿಯ ಹೊಣೆ ಸಿಕ್ಕಿದಾಗ ಮೈಯಲ್ಲಿ ಹೊಸ ರಕ್ತ ಹರಿದಂತಾಗಿತ್ತು. ಗುಳಿ ಬಿದ್ದಾಗಲೆಲ್ಲ ಮದ್ದು ಹೆಚ್ಚಿಸುತ್ತ ಬಂದಿದ್ದಳು. ಗುಳಿಗಳು ಜಗ್ಗಲಿಲ್ಲ. ನೊರೆ ಇದ್ದರೆ ಮದ್ದು ಇದೆ ಎಂಬುದು ಅಲ್ಲಿನವರ ನಂಬಿಕೆ. ನೊರೆಯೋ, ಅಂಚು ಮೀರಿ ನೆಲಕ್ಕೆ ಸುರಿಯುತ್ತಿತ್ತು.

ಅಕ್ಕ ಕಡೆಗೂ ಹೇಳಿಬಿಟ್ಟಳು. ಬಟ್ಟೆ ಗಿರಣಿಯ ಬಾಯ್ಲರ್ ಕೊಳವೆಗಳು ಬರಲಿವೆ, ಅವೂ ಕೆಟ್ಟರೆ ಹೆಸರು ಮಣ್ಣುಪಾಲು. "ಆಮೇಲೆ ನೀನು ಒಳಗೆ ಕೂತು ಫೋನ್ ತಗೋ ಪುಟ್ಟಿ. ತೊಟ್ಟಿಗೆ ಬೇರೆಯವರನ್ನ ಕರೆಸ್ತೀನಿ."

ನಲವತ್ತು ದಾಟಿದ ಪುಟ್ಟಿ ಮನೆಗೆ ಬಂದಳು.

ರಜೆಯ ದಿನ ಬೆಳಿಗ್ಗೆ ಮಗಳ ಕೂದಲು ಬಾಚಣಿಗೆಗೆ ಬಗ್ಗಲೇ ಇಲ್ಲ. ಕಂಡೀಷನರ್ ಹಾಕಿಕೊಂಡೆಯಾ ಎಂದು ಕೇಳಿದಳು. ಹಾಕಿಕೊಂಡಿದ್ದಳಂತೆ, ಶಾಂಪೂ ನೊರೆಯ ಮೇಲೇ.

"ಎರಡೆರಡು ಸಲ ಯಾರಮ್ಮ ತೊಳೀತಾರೆ? ಎಲ್ಲಾ ತಲೆಗೇ ತಾನೆ ಹೋಗೋದು."

ಬಾಚಣಿಗೆ ಅಲ್ಲೇ ನಿಂತಿತು. ಮಗಳು "ಅಮ್ಮಾ, ನೋವು" ಅಂದದ್ದೂ ಕೇಳಿಸಲಿಲ್ಲ. ಕಂಡೀಷನರ್ ಅವಳ ಮದ್ದಿನ ದಾಯಾದಿ. ಶಾಂಪೂ ಜಿಡ್ಡು ತೆಗೆಯುವ ಡಿಟರ್ಜೆಂಟಿನ ದಾಯಾದಿ. ಒಂದರ ತಲೆಯಲ್ಲಿ ಧನ ವಿದ್ಯುತ್ತು, ಇನ್ನೊಂದರಲ್ಲಿ ಋಣ. ಎದುರಾದವೋ, ತಬ್ಬಿಕೊಂಡು, ಬಂದ ಕೆಲಸವನ್ನೇ ಮರೆಯುತ್ತವೆ. ಕೂದಲಾದರೂ ಅಷ್ಟೆ, ಉಕ್ಕಾದರೂ ಅಷ್ಟೆ.

ಕೊಳವೆಗೆ ಅಂಟಿದ ಡಿಟರ್ಜೆಂಟ್ ತೊಳೆದುಹೋಗಲು ನಡುವೆ ಬರೀ ನೀರಿನ ತೊಟ್ಟಿಯೊಂದು ಇರಬೇಕಿತ್ತು. ಇತ್ತು ಕೂಡ, ಅವಳು ಬರುವ ಮುಂಚೆ. ಅದನ್ನು ತೆಗೆಸಿ ಮೂರನೆಯ ಆಸಿಡ್ ತೊಟ್ಟಿ ಕೂರಿಸಿದ್ದು ಅಕ್ಕ. ಬಂದವರಿಗೆಲ್ಲ ಅದನ್ನು ತೋರಿಸಿ ಬೀಗುತ್ತಿದ್ದಳು.

ತನ್ನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳಿಗೆ ನೀನು ತಪ್ಪಿದೆ ಎನ್ನುವುದು ಹೇಗೆ? ಒಂದು ಗಳಿಗೆ ಹಾಗನ್ನಿಸಿತು. ಆಮೇಲೆ ನಗು ಬಂತು. ಗೊತ್ತಿದ್ದೂ ನುಂಗಿಕೊಂಡು ಕೂರುವುದಾದರೆ ಆ ಫೋನಿನ ಕುರ್ಚಿಯೇ ತನಗೆ ಸರಿ.

ಮರುದಿನ ಅಕ್ಕನ ಮೇಜಿನ ಮೇಲೆ ಎರಡು ಗಾಜಿನ ಲೋಟ ಇಟ್ಟಳು. ಎರಡರಲ್ಲೂ ಆಸಿಡ್, ಎರಡರಲ್ಲೂ ಮದ್ದು. ಎರಡನೆಯದಕ್ಕೆ ಮಾತ್ರ ಡಿಟರ್ಜೆಂಟ್ ನೀರು ಹನಿಸಿದಳು. ಹಾಲು ಒಡೆದಂತೆ ಬಿಳಿ ಕೆನೆ ಮೇಲೆದ್ದಿತು. ತುಕ್ಕಿಲ್ಲದ ಮೊಳೆ ಒಂದೊಂದಕ್ಕೂ ಹಾಕಿದಳು. ಮೊದಲನೆಯದು ಸುಮ್ಮನೆ ಮಲಗಿತು. ಎರಡನೆಯದರ ಮೈತುಂಬ ಗುಳ್ಳೆಯೆದ್ದು ಬುಸುಗುಟ್ಟಿತು.

ಅಕ್ಕ ಕನ್ನಡಕ ಏರಿಸಿ ಬಗ್ಗಿ ನೋಡಿದಳು.

"ನಮ್ಮ ಮದ್ದನ್ನ ನಾವೇ ಕೊಲ್ತಾ ಇದ್ವಾ?"

"ಹೂಂ. ನೀನು ತೊಟ್ಟಿ ತೆಗೆಸಿದೆ, ನಾನು ಕಣ್ಮುಚ್ಚಿಕೊಂಡು ಮದ್ದು ಸುರಿದೆ. ಡಿಟರ್ಜೆಂಟಿನ ನೊರೆ ನೋಡ್ಕೊಂಡು ಮದ್ದಿಂದು ಅಂತ ಇಬ್ಬರೂ ಮೋಸ ಹೋದ್ವಿ ಅಕ್ಕ. ಮಧ್ಯೆ ನೀರಿನ ತೊಟ್ಟಿ ಬೇಕೇ ಬೇಕು."

"ಜಾಗ ಎಲ್ಲಿದೆಯೇ?"

"ಮೂರನೇ ತೊಟ್ಟಿ ಇದೆಯಲ್ಲ, ಅಲ್ಲಿ."

ಅಕ್ಕನ ಮುಖ ಬಿಗಿಯಿತು. ತಂಗಿ ಕಣ್ಣು ಕೆಳಗಿಳಿಸಲಿಲ್ಲ.

"ಚಿಕ್ಕೋಳಿದ್ದಾಗ ತಲೆಗೆ ನೀರು ಹಾಕಿದ್ರೆ ಊರು ಒಂದು ಮಾಡ್ತಿದ್ದೆ. ಈಗ ನೋಡು, ನೀರು ನೀರು ಅಂತ ನನ್ನ ಜೀವ ತಿಂತಿದೀಯ," ಎಂದು ಗೊಣಗುತ್ತಲೇ ಎದ್ದು ಹೋದ ಅಕ್ಕ, ಮೂರನೆಯದನ್ನು ಖಾಲಿ ಮಾಡಿ ನೀರು ತುಂಬಲು ಮೇಸ್ತ್ರಿಗೆ ಹೇಳಿದಳು. ಉಳಿದವಕ್ಕೆ ಹೊಸ ಆಸಿಡ್. ಮದ್ದು ಎಷ್ಟು ಹಾಕಲಿ ಎಂದು ಅವನು ಕೇಳಿದ. ಅಕ್ಕ ಬಾಯಿ ತೆರೆದವಳು ಮುಚ್ಚಿಕೊಂಡು ತಂಗಿಯತ್ತ ತಿರುಗಿದಳು.

ಇಷ್ಟು ಕಾಲ ಸುರಿದಿದ್ದರ ಅರ್ಧಕ್ಕೂ ಕಡಿಮೆ, ಎಂದಳು ತಂಗಿ.

ಗಿರಣಿಯ ಮೊದಲ ಕೊಳವೆ ಆಸಿಡ್‌ನಿಂದ ಎದ್ದು, ತೊಳೆಸಿಕೊಂಡು ಬಂದಾಗ ತೊಟ್ಟಿಯಲ್ಲಿ ನೊರೆ ಹೆಸರಿಗಷ್ಟೇ ಇತ್ತು. ಮೇಸ್ತ್ರಿ ನಂಬಿಕೆ ಸಾಲದೆ ತಲೆ ಕೆರೆದುಕೊಂಡ. ಅಕ್ಕ ಹೆಬ್ಬೆರಳನ್ನು ಈ ತುದಿಯಿಂದ ಆ ತುದಿಗೆ ಆಡಿಸಿದಳು, ಎಲ್ಲಾದರೂ ಒಂದು ಗುಳಿ ಸಿಕ್ಕೀತೇ ಎಂಬಂತೆ ಮತ್ತೆ ಹಿಂದಕ್ಕೂ ಆಡಿಸಿದಳು.

ತಂಗಿ ಮುಟ್ಟಿ ನೋಡಲು ಹೋಗಲಿಲ್ಲ. "ಮುಂದಿನದನ್ನ ಇಳಿಸಿ," ಎಂದಳು.